ಬುಗುರಿಗೆ ಬ್ರ್ಯಾಂಡ್ ಬಂದ ಕಥೆ: ಮಕ್ಕಳ ಟಿವಿಯೊಳಗೆ ಅಡಗಿ ಕೂತ ಜಾಹೀರಾತು

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದರೆ ಆಟಿಕೆ ಅಂಗಡಿಗಳ ಸಾಲಿನಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತು ಕಿವಿಗೊಡಿ. "ಯಪ್ಪಾ, ಬುಗುರಿ ಕೊಡ್ಸು" ಅನ್ನುವ ಮಗು ಸಿಗುವುದು ಕಷ್ಟ. "ಬೇಬ್ಲೇಡ್ ಕೊಡ್ಸು" ಅನ್ನುವ ಮಕ್ಕಳು ಬೇಕಾದಷ್ಟು. ಬ್ಯಾಗ್ ಅಂದರೆ ಛೋಟಾ ಭೀಮ್ ಇರುವ ಬ್ಯಾಗೇ ಆಗಬೇಕು. ನೀರಿನ ಬಾಟಲಿ, ಚಪ್ಪಲಿ, ಪೆನ್ಸಿಲ್ ಡಬ್ಬಿ, ಎಲ್ಲದಕ್ಕೂ ಒಂದೊಂದು ಹೆಸರು. ಅಂಗಡಿಯವನಿಗೂ ಆ ಹೆಸರುಗಳೆಲ್ಲ ಬಾಯಿಪಾಠ.

ಇವನ್ನೆಲ್ಲ ಮಕ್ಕಳಿಗೆ ಕಲಿಸಿದ್ದು ಟಿವಿ ಅಂತ ಎಲ್ಲರೂ ಹೇಳುತ್ತೇವೆ. ಬ್ರೇಕ್‌ನಲ್ಲಿ ಬರುವ ಜಾಹೀರಾತನ್ನು ಬೈಯುತ್ತೇವೆ, ಸೌಂಡ್ ಕಡಿಮೆ ಮಾಡುತ್ತೇವೆ. ಬ್ರೇಕ್ ಮುಗಿದು ಕಾರ್ಟೂನ್ ಶುರುವಾದರೆ "ಹ್ಞಾಂ, ಇನ್ನು ಪರವಾಗಿಲ್ಲ" ಅಂತ ನಮ್ಮ ನಮ್ಮ ಕೆಲಸಕ್ಕೆ ಹೋಗುತ್ತೇವೆ. ನನ್ನನ್ನು ಕೇಳಿದರೆ ಕಣ್ಣಿಡಬೇಕಾದದ್ದು ಆಗಲೇ. ಮಕ್ಕಳ ಕಾರ್ಯಕ್ರಮದಲ್ಲಿ ನಿಜವಾಗಿ ಕೆಲಸ ಮಾಡುವ ಜಾಹೀರಾತು ಎಷ್ಟೋ ಸಲ ಕಥೆಯ ಒಳಗೇ ಇರುತ್ತದೆ. ಅದು ಹೇಗೆ ಅಲ್ಲಿ ಸೇರುತ್ತದೆ, ಮಕ್ಕಳಿಗೆ ಯಾಕೆ ಕಾಣುವುದಿಲ್ಲ, ಕಾನೂನು ಎಲ್ಲಿಯವರೆಗೆ ಬರುತ್ತದೆ ಅನ್ನುವುದನ್ನು ಬಿಡಿಸಿ ನೋಡೋಣ.

ಮೊದಲು ಬೇಬ್ಲೇಡ್‌ನಿಂದಲೇ ಶುರು ಮಾಡೋಣ. ಅದು ಮೂಲದಲ್ಲಿ ಬುಗುರಿಯೇ. ಜಪಾನಿನಲ್ಲಿ ಬೇಗೋಮಾ ಅನ್ನುವ ಹಳೇ ಆಟವಿತ್ತು. ದಾರ ಸುತ್ತಿ ಬುಗುರಿ ಬಿಡುವುದು, ಎದುರಿನವನ ಬುಗುರಿಗೆ ಡಿಕ್ಕಿ ಹೊಡೆಸಿ ಹೊರಗೆ ತಳ್ಳುವುದು. ಸಿರುಗುಪ್ಪದಲ್ಲೋ ಮಾನ್ವಿಯಲ್ಲೋ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಟಕಾರಾ ಅನ್ನುವ ಆಟಿಕೆ ಕಂಪನಿ 1999ರಲ್ಲಿ ಇದಕ್ಕೆ ಹೊಸ ರೂಪ ಕೊಟ್ಟಿತು. ಬಿಚ್ಚಿ ಜೋಡಿಸುವಂಥ ಭಾಗಗಳು, ದಾರದ ಬದಲು ಎಳೆದು ಬಿಡುವ ಲಾಂಚರ್. ಟಿವಿ ಸರಣಿ ಬಂದದ್ದು 2001ರಲ್ಲಿ. ಆಟಿಕೆ ಮೊದಲು, ಟಿವಿ ಕಥೆ ಆಮೇಲೆ. ಈ ಕ್ರಮವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ ಕಥೆ ಹೇಗಿರುತ್ತದೆ ನೋಡಿ. ಹುಡುಗನೊಬ್ಬ ಪಂದ್ಯದಲ್ಲಿ ಸೋಲುತ್ತಾನೆ. ಅಳುತ್ತಾನೆ, ಅಭ್ಯಾಸ ಮಾಡುತ್ತಾನೆ, ಗೆಳೆಯರು ಜೊತೆಗಿರುತ್ತಾರೆ. ಕೊನೆಗೆ ಅವನ ಕೈಗೆ ಹೊಸ ಬೇಬ್ಲೇಡ್ ಬರುತ್ತದೆ, ಗೆಲ್ಲುತ್ತಾನೆ. ಛಲ, ಗೆಳೆತನ, ಸೋಲು-ಗೆಲುವು, ಎಲ್ಲವೂ ಒಳ್ಳೆಯದೇ. ಆದರೆ ಗೆಲುವಿನ ಹೊತ್ತಿಗೆ ಕೈಯಲ್ಲಿರುವ ವಸ್ತು ಅಂಗಡಿಯಲ್ಲಿ ಸಿಗುತ್ತದೆ. ಮುಂದಿನ ಸೀಸನ್‌ಗೆ ಹೊಸ ಮಾದರಿ ಬರುತ್ತದೆ, ಕಥೆಯೊಳಗೆ ಹಳೆಯದು ಸೋಲತೊಡಗುತ್ತದೆ. ಮನೆಯಲ್ಲಿರುವ ಆಟಿಕೆ ಹಾಳಾಗಿರುವುದಿಲ್ಲ, ಆದರೂ ಮಗುವಿನ ಕಣ್ಣಿಗೆ ಅದು ಸೋತ ಆಟಿಕೆ. "ಹೋದ ವರ್ಷ ಕೊಡಿಸಿದ್ದೀನಲ್ಲೋ" ಅಂತ ಅಪ್ಪ ಹೇಳಿದರೆ ಮಗ "ಅದು ಹಳೇದು" ಅನ್ನುತ್ತಾನೆ. ಕಥೆಯ ಲೆಕ್ಕದಲ್ಲಿ ಅವನು ಹೇಳಿದ್ದು ಸರಿಯೇ!

ಲಾಡು ತಿಂದರೆ ಜಾಹೀರಾತಾ?

ಹಾಗಂತ ಕಾರ್ಟೂನಿನಲ್ಲಿ ಕಾಣುವುದೆಲ್ಲ ಜಾಹೀರಾತು ಅಲ್ಲ. ಛೋಟಾ ಭೀಮ್‌ಗೆ ಶಕ್ತಿ ಬರುವುದು ಲಾಡಿನಿಂದ. 'ಮೋಟು ಪತ್ಲು' ಕಾರ್ಟೂನಿನ ಮೋಟುಗೆ ಸಮೋಸ ಅಂದರೆ ಪ್ರಾಣ. ಲಾಡು ಯಾವ ಕಂಪನಿಯದ್ದೂ ಅಲ್ಲ. ಬಳ್ಳಾರಿಯ ಮಿಠಾಯಿ ಅಂಗಡಿಯವರು ಯಾರೂ ಭೀಮನಿಗೆ ದುಡ್ಡು ಕೊಟ್ಟಿಲ್ಲ. ಅದೇ ಲಾಡು ಬಣ್ಣದ ಪೊಟ್ಟಣದಲ್ಲಿ, ಹೆಸರು ಕ್ಯಾಮೆರಾ ಕಡೆ ತಿರುಗಿಕೊಂಡು ಬಂದರೆ? ಆ ಕಂಪನಿಯವರು ಕಾರ್ಯಕ್ರಮ ಮಾಡಿದವರಿಗೆ ದುಡ್ಡು ಕೊಟ್ಟಿದ್ದರೆ? ಆಗ ಅದು ಜಾಹೀರಾತು. ಚಿತ್ರ ಅದೇ, ಭೀಮ ಅದೇ, ತಿನ್ನುವ ರೀತಿಯೂ ಅದೇ. ಬೇರೆಯಾದದ್ದು ದುಡ್ಡಿನ ದಾರಿ ಮಾತ್ರ. ಆ ದಾರಿ ಪರದೆಯ ಮೇಲೆ ಕಾಣುವುದಿಲ್ಲ. ಅದಕ್ಕೇ ಇದನ್ನು ಗುರುತಿಸುವುದು ದೊಡ್ಡವರಿಗೂ ಕಷ್ಟ.

ಬಳ್ಳಾರಿಯವರಿಗೆ ಇದು ಬೇಗ ಅರ್ಥವಾಗುತ್ತದೆ. ಊರಿನ ಜೀನ್ಸ್ ಘಟಕಗಳಲ್ಲಿ ಹೊಲಿದ ಪ್ಯಾಂಟಿಗೆ ಒಂದು ಬೆಲೆ, ಅದೇ ಬಟ್ಟೆ ಅದೇ ಹೊಲಿಗೆಗೆ ಹೆಸರಾಂತ ಲೇಬಲ್ ಬಿದ್ದರೆ ಇನ್ನೊಂದು ಬೆಲೆ. ಪ್ಯಾಂಟಿಗೆ ಲೇಬಲ್ ಹಚ್ಚುವ ಹಾಗೆ, ಆಟಿಕೆಗೆ ಕಥೆ ಹಚ್ಚುತ್ತಾರೆ.

ಕೊಪ್ಪಳ ಜಿಲ್ಲೆಯಲ್ಲೇ ಇದರ ಎರಡು ತುದಿಗಳೂ ಇವೆ. ಒಂದು ಕಿನ್ನಾಳ. ಚಿತ್ರಗಾರ ಮನೆತನದವರು ಹಗುರ ಮರದಲ್ಲಿ ಗೊಂಬೆ ಕೆತ್ತಿ ಬಣ್ಣ ಹಚ್ಚುವ ಊರು. ಆ ಕಲೆಗೆ ಜಿಐ ಟ್ಯಾಗ್, ಅಂದರೆ ಅದು ಆ ಊರಿನದೇ ಅನ್ನುವ ಅಧಿಕೃತ ಗುರುತು ಇದೆ. ಇನ್ನೊಂದು ಭಾನಾಪುರ. ಅಲ್ಲಿ ಸುಮಾರು 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಶಂಕುಸ್ಥಾಪನೆ ಆಯಿತು. ಹೊರದೇಶಗಳ ದೊಡ್ಡ ಬ್ರ್ಯಾಂಡ್‌ಗಳಿಗೆ ಇಲ್ಲಿಂದ ಆಟಿಕೆ ಮಾಡಿ ಕಳಿಸುವ ಆಸೆ ಅದರ ಹಿಂದಿದೆ. ಕಿನ್ನಾಳದ ಗೊಂಬೆಯನ್ನು ಮಕ್ಕಳು ಹೆಸರು ಹಿಡಿದು ಕೇಳುವುದಿಲ್ಲ. ಗೊಂಬೆ ಚೆನ್ನಾಗಿಲ್ಲ ಅಂತಲ್ಲ. ಅದಕ್ಕೆ ದಿನಾ ಸಂಜೆ ಅರ್ಧ ಗಂಟೆ ಟಿವಿಯಲ್ಲಿ ಕಥೆ ಹೇಳುವವರಿಲ್ಲ, ಅಷ್ಟೇ.

ಇದು ಇವತ್ತಿನ ಆಟ ಅಲ್ಲ

ಆಟಿಕೆಗಾಗಿ ಕಥೆ ಮಾಡುವ ವಿದ್ಯೆ ಪಳಗಿದ್ದು ಅಮೆರಿಕದಲ್ಲಿ. 1960ರಲ್ಲಿ ಶುರುವಾದ ಫ್ಲಿಂಟ್‌ಸ್ಟೋನ್ಸ್ ಕಾರ್ಟೂನಿಗೆ ಮೊದಲು ವಿನ್‌ಸ್ಟನ್ ಸಿಗರೇಟ್ ಕಂಪನಿ ಸ್ಪಾನ್ಸರ್ ಆಗಿತ್ತು. ಕಾರ್ಟೂನಿನ ಫ್ರೆಡ್, ಬಾರ್ನಿ ಇಬ್ಬರೂ ಜಾಹೀರಾತಿನಲ್ಲಿ ಹಿತ್ತಲಲ್ಲಿ ಕೂತು ಸಿಗರೇಟ್ ಸೇದುತ್ತಿದ್ದರು. ಆ ಕಾರ್ಯಕ್ರಮವನ್ನು ಇಡೀ ಮನೆಯವರು ನೋಡಲಿ ಅಂತಲೇ ಮಾಡಿದ್ದು, ಆದರೆ ಮನೆಯಲ್ಲಿ ಮಕ್ಕಳೂ ಇರುತ್ತಾರಲ್ವಾ? ಹೀಗೆ ಕಾರ್ಯಕ್ರಮದ ಪಾತ್ರವೇ ಬಂದು ವಸ್ತು ಮಾರುವುದಕ್ಕೆ ಅಲ್ಲಿ 'ಹೋಸ್ಟ್ ಸೆಲ್ಲಿಂಗ್' ಅನ್ನುತ್ತಾರೆ. ಮಕ್ಕಳ ಕಾರ್ಯಕ್ರಮಗಳಲ್ಲಿ ಅದು ಕೂಡದು ಅಂತ ಅಮೆರಿಕದ ಪ್ರಸಾರ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 1974ರಲ್ಲಿ ಹೇಳಿತು.

ಅದಕ್ಕೂ ಮುಂಚೆ, 1969ರಲ್ಲಿ, ಹಾಟ್ ವೀಲ್ಸ್ ಆಟಿಕೆ ಕಾರುಗಳ ಹೆಸರಿನಲ್ಲೇ ಒಂದು ಕಾರ್ಟೂನ್ ಬಂದಿತ್ತು. ದೂರು ಕೊಟ್ಟವರು ಪೋಷಕರಲ್ಲ, ಎದುರಾಳಿ ಆಟಿಕೆ ಕಂಪನಿ! ಇದು ಕಾರ್ಯಕ್ರಮದ ವೇಷದ ಜಾಹೀರಾತು ಅನ್ನುವುದು ದೂರು. ಎಫ್‌ಸಿಸಿ ಅದನ್ನು ಒಪ್ಪಿತು.

ಆದರೆ 1980ರ ದಶಕದಲ್ಲಿ ಗಾಳಿ ಬದಲಾಯಿತು. ರೇಗನ್ ಸರ್ಕಾರದ ಕಾಲದಲ್ಲಿ ನಿಯಮಗಳನ್ನು ಸಡಿಲ ಮಾಡಿದರು. ಮ್ಯಾಟೆಲ್ ಕಂಪನಿಯ ಹೀ-ಮ್ಯಾನ್ ಗೊಂಬೆ 1982ರಲ್ಲಿ ಅಂಗಡಿಗೆ ಬಂತು, ಕಾರ್ಟೂನ್ 1983ರಲ್ಲಿ. ಗಾಡಿಯಿಂದ ರೋಬೋ ಆಗುವ ಟ್ರಾನ್ಸ್‌ಫಾರ್ಮರ್ಸ್ ಆಟಿಕೆಗಳ ಕಥೆ ಇನ್ನೂ ಸ್ವಾರಸ್ಯ. ಹ್ಯಾಸ್‌ಬ್ರೋ ಕಂಪನಿ ಜಪಾನಿನಿಂದ ಸಿದ್ಧ ಆಟಿಕೆಗಳನ್ನು ತಂದಿತು. ಅವಕ್ಕೆ ಹೆಸರು, ಗುಣ, ಜಗಳ, ಹಿನ್ನೆಲೆ ಎಲ್ಲ ಬರೆದುಕೊಡಿ ಅಂತ ಮಾರ್ವೆಲ್ ಕಾಮಿಕ್ಸ್‌ನವರಿಗೆ ಹೇಳಿತು. 1984ರಲ್ಲಿ ಆಟಿಕೆ, ಕಾಮಿಕ್, ಕಾರ್ಟೂನ್ ಮೂರೂ ಬಂದವು.

ಚಾನೆಲ್‌ಗಳಿಗೆ ಇದರಿಂದ ಏನು ಲಾಭ? ಅನಿಮೇಷನ್ ಮಾಡುವುದು ದುಬಾರಿ ಕೆಲಸ. ಆಟಿಕೆ ಕಂಪನಿಯ ದುಡ್ಡು ಅದರಲ್ಲಿ ಸೇರಿದರೆ ಚಾನೆಲ್‌ಗೆ ಕಾರ್ಯಕ್ರಮ ಅಗ್ಗಕ್ಕೆ ಸಿಗುತ್ತದೆ. ಆಗ ಅಮೆರಿಕದಲ್ಲಿ ವಿನಿಮಯದ ಪದ್ಧತಿಯೂ ಇತ್ತು. ಕಂತುಗಳನ್ನು ಪುಕ್ಕಟೆ ಕೊಟ್ಟು, ಅದಕ್ಕೆ ಬದಲಾಗಿ ಜಾಹೀರಾತಿನ ಸಮಯ ಇಟ್ಟುಕೊಳ್ಳುತ್ತಿದ್ದರು. ಖರ್ಚನ್ನು ಆಟಿಕೆಯ ಮಾರಾಟ ತುಂಬಿಕೊಡುತ್ತಿತ್ತು. ಅಂದರೆ ಕಾರ್ಟೂನಿನ ಬಿಲ್ಲು ಕೊನೆಗೆ ಬರುವುದು ಆಟಿಕೆ ಅಂಗಡಿಯ ಕೌಂಟರಿಗೆ.

1990ರಲ್ಲಿ ಅಮೆರಿಕ ಮತ್ತೆ ಕಾನೂನು ಮಾಡಿತು. ಮಕ್ಕಳ ಕಾರ್ಯಕ್ರಮದಲ್ಲಿ ಗಂಟೆಗೆ ಜಾಹೀರಾತು ವಾರಾಂತ್ಯದಲ್ಲಿ ಹತ್ತೂವರೆ ನಿಮಿಷ, ಉಳಿದ ದಿನ 12 ನಿಮಿಷ ಮೀರಬಾರದು. ಒಂದು ಆಟಿಕೆಯ ಕಾರ್ಯಕ್ರಮದ ನಡುವೆ ಅದೇ ಆಟಿಕೆಯ ಜಾಹೀರಾತು ಬಂದರೆ ಇಡೀ ಕಾರ್ಯಕ್ರಮವನ್ನೇ ಜಾಹೀರಾತು ಅಂತ ಲೆಕ್ಕ ಹಾಕುತ್ತಾರೆ. ಇದು ಬರೀ ಕಾಗದದ ಮೇಲಿನ ಮಾತಲ್ಲ. 2018ರಲ್ಲಿ 'ಟೀಮ್ ಹಾಟ್ ವೀಲ್ಸ್' ಕಾರ್ಯಕ್ರಮದ ನಡುವೆ ಹಾಟ್ ವೀಲ್ಸ್ ಜಾಹೀರಾತು ಹಾಕಿದ್ದಕ್ಕೆ ಸಿಂಕ್ಲೇರ್ ಮತ್ತು ಇತರ ಕೆಲವು ಪ್ರಸಾರ ಕಂಪನಿಗಳ ಮೇಲೆ ಒಟ್ಟು 34 ಲಕ್ಷ ಡಾಲರ್ ದಂಡ ಹಾಕುವುದಾಗಿ ಎಫ್‌ಸಿಸಿ 2022ರಲ್ಲಿ ಹೇಳಿತು. ಐವತ್ತು ವರ್ಷದ ನಂತರವೂ ಅದೇ ಕಾರು ನೋಡಿ!

ಆದರೆ ಈ ನಿಯಮದಲ್ಲಿ ಒಂದು ಕಿಂಡಿ ಇದೆ. ನಡುವೆ ಜಾಹೀರಾತು ಹಾಕಬಾರದು, ಸರಿ. ಕಾರ್ಯಕ್ರಮ ಮಾತ್ರ ನಡೆಯುತ್ತಲೇ ಇರಬಹುದು.

ಮಗುವಿಗೆ ಯಾಕೆ ಕಾಣುವುದಿಲ್ಲ

ಸುಮಾರು ಐದು ವರ್ಷದ ಹೊತ್ತಿಗೆ ಮಕ್ಕಳಿಗೆ "ಇದು ಕಾರ್ಟೂನ್, ಇದು ಜಾಹೀರಾತು" ಅಂತ ಬೇರೆ ಮಾಡಿ ಹೇಳಲು ಬರುತ್ತದೆ. ಜಾಹೀರಾತು ಚಿಕ್ಕದಾಗಿರುತ್ತದೆ, ಸದ್ದು ಜಾಸ್ತಿ, ನಡುವೆ ಬರುತ್ತದೆ, ಇಂಥ ಗುರುತುಗಳಿಂದ. ಆದರೆ ಅದು ನಮಗೆ ಏನೋ ಮಾರಲು ಬಂದಿದೆ, ಹೇಳುವವನಿಗೆ ಅದರಿಂದ ಲಾಭವಿದೆ ಅನ್ನುವುದು ತಿಳಿಯುವುದು ಏಳೆಂಟು ವರ್ಷದ ಹೊತ್ತಿಗೆ. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ ಎಪಿಎ 2004ರಲ್ಲಿ ಇದನ್ನೇ ಮುಂದಿಟ್ಟು, ಎಂಟು ವರ್ಷದೊಳಗಿನ ಮಕ್ಕಳಿಗೆ ಗುರಿ ಇಟ್ಟ ಜಾಹೀರಾತಿಗೆ ಕಡಿವಾಣ ಹಾಕಿ ಅಂತ ಹೇಳಿತು.

ಇದು ಬ್ರೇಕ್‌ನಲ್ಲಿ ಬರುವ ಜಾಹೀರಾತಿನ ಮಾತಾಯಿತು. ಕಥೆಯೊಳಗಿನದಕ್ಕೆ ಆ ಗುರುತುಗಳೂ ಇಲ್ಲ. ಸದ್ದು ಬದಲಾಗುವುದಿಲ್ಲ, ಕಥೆ ನಿಲ್ಲುವುದಿಲ್ಲ. ಮೇಲಾಗಿ ಮಗು ಆ ಹೊತ್ತಿನಲ್ಲಿ ಪಾತ್ರದ ಜೊತೆ ಓಡುತ್ತಿರುತ್ತದೆ. "ಇದಕ್ಕೆ ದುಡ್ಡು ಯಾರು ಕೊಟ್ಟರು" ಅನ್ನುವ ಪ್ರಶ್ನೆ ದೊಡ್ಡವರಿಗೇ ಹೊಳೆಯದು, ಒಂದನೇ ಕ್ಲಾಸಿನ ಹುಡುಗಿಗೆ ಎಲ್ಲಿಂದ ಹೊಳೆಯಬೇಕು?

ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ 'ಹೋಮ್ ಅಲೋನ್' ಸಿನಿಮಾದ ತುಣುಕು ತೋರಿಸಿದರು. ಕೆಲವರಿಗೆ ಊಟದ ಮೇಜಿನ ಮೇಲೆ ಪೆಪ್ಸಿ ಚೆಲ್ಲುವ ದೃಶ್ಯ, ಉಳಿದವರಿಗೆ ಪೆಪ್ಸಿ ಇಲ್ಲದ ದೃಶ್ಯ. ಆಮೇಲೆ ಕೋಕ್, ಪೆಪ್ಸಿ ಎರಡನ್ನೂ ಇಟ್ಟು ಬೇಕಾದ್ದು ತಗೊಳ್ಳಿ ಅಂದರು. ಪೆಪ್ಸಿ ದೃಶ್ಯ ನೋಡಿದವರಲ್ಲಿ ಪೆಪ್ಸಿ ತಗೊಂಡವರು ಜಾಸ್ತಿ. ಆ ಸಿನಿಮಾ ಮೊದಲೇ ನೋಡಿದ್ದ ಮಕ್ಕಳಲ್ಲಿ ಪರಿಣಾಮ ಇನ್ನೂ ಹೆಚ್ಚು. ನನಗೆ ಯೋಚನೆಗೆ ಹಚ್ಚಿದ್ದು ಈ ಎರಡನೇ ಮಾತು. ನಮ್ಮ ಮಕ್ಕಳ ಚಾನೆಲ್‌ಗಳಲ್ಲಿ ಒಂದೇ ಕಂತು ಎಷ್ಟು ಸಲ ಬರುತ್ತದೆ ಅಂತ ಮಕ್ಕಳಿರುವ ಮನೆಯವರಿಗೆ ಗೊತ್ತು. ಮಾತುಗಳೆಲ್ಲ ಬಾಯಿಗೆ ಬಂದಿರುತ್ತವೆ. ಬ್ರೇಕ್‌ನ ಜಾಹೀರಾತು ಕೊಟ್ಟ ದುಡ್ಡಿಗೆ ತಕ್ಕಷ್ಟು ದಿನ ಬಂದು ಹೋಗುತ್ತದೆ. ಕಥೆಯೊಳಗೆ ಕೂತದ್ದು ಮರುಪ್ರಸಾರ ಇರುವವರೆಗೂ ಇರುತ್ತದೆ, ಮತ್ತೆ ಬಾಡಿಗೆ ಕಟ್ಟದೆ.

ನಮ್ಮ ಕಡೆಯ ಪರದೆ

ನಮ್ಮಲ್ಲಿ ಇದು ಶುರುವಾದದ್ದು ಮೆಲ್ಲಗೆ. ಬೋರ್ನ್‌ವಿಟಾ ಕ್ವಿಜ್ ಕಾಂಟೆಸ್ಟ್‌ನಲ್ಲಿ ಸ್ಪಾನ್ಸರ್ ಹೆಸರು ಕಾರ್ಯಕ್ರಮದ ಹೆಸರಿನಲ್ಲೇ ಇತ್ತು. ಮುಚ್ಚುಮರೆ ಇಲ್ಲ. 1997ರಲ್ಲಿ ದೂರದರ್ಶನದಲ್ಲಿ ಶುರುವಾದ ಶಕ್ತಿಮಾನ್ ಪಾತ್ರ ಪಾರ್ಲೆ-ಜಿ ಬಿಸ್ಕತ್ತಿನ ಜಾಹೀರಾತಿಗೂ ಬಂತು. ಮಕ್ಕಳ ಪಾಲಿಗೆ ಅದು ಜಾಹೀರಾತಾಗಿರಲಿಲ್ಲ, ಶಕ್ತಿಮಾನ್ ಹೇಳಿದ ಮಾತಾಗಿತ್ತು.

ಛೋಟಾ ಭೀಮ್ 2008ರಲ್ಲಿ ಪೋಗೋ ಚಾನೆಲ್‌ನಲ್ಲಿ ಬಂದ. ಹುಟ್ಟಿದ್ದು ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್ ಸ್ಟುಡಿಯೋದಲ್ಲಿ. ರಾಯಚೂರಿನವರಿಗೆ ಬೆಂಗಳೂರಿಗಿಂತ ಹತ್ತಿರದ ಊರು ಅದು. ಇಲ್ಲಿ ಕ್ರಮ ತಿರುಗುಮುರುಗು. ಕಥೆ ಮೊದಲು, ವಸ್ತು ಆಮೇಲೆ. ಭೀಮ ಗೆದ್ದ ಮೇಲೆ ಬ್ಯಾಗು, ಬಾಟಲಿ, ಬಟ್ಟೆ ಎಲ್ಲದರ ಮೇಲೂ ಅವನ ಚಿತ್ರ ಬಂತು. ಕಂಪನಿ ತನ್ನದೇ ಅಂಗಡಿಗಳನ್ನೂ ತೆರೆಯಿತು. ಇದಕ್ಕೆ ಲೈಸೆನ್ಸಿಂಗ್ ಅನ್ನುತ್ತಾರೆ. ಚಿತ್ರ ಬಳಸಲು ಒಪ್ಪಿಗೆ ಪಡೆದು, ಮಾರಾಟದಲ್ಲಿ ಒಂದು ಪಾಲು ರಾಯಲ್ಟಿ ಕೊಡುವುದು. ಜಾತ್ರೆಯ ಬಲೂನು, ಮುಖವಾಡಗಳಲ್ಲಿ ಹೆಚ್ಚಿನವಕ್ಕೆ ಈ ಒಪ್ಪಿಗೆ ಗಿಪ್ಪಿಗೆ ಇರುವುದಿಲ್ಲ ಅನ್ನುವುದು ಬೇರೆ ಮಾತು.

ಇವೆರಡರಲ್ಲಿ ನಾನು ವ್ಯತ್ಯಾಸ ಮಾಡುತ್ತೇನೆ. ಕಥೆ ಮೊದಲು ಹುಟ್ಟಿ, ಜನ ಮೆಚ್ಚಿ, ಆಮೇಲೆ ಬ್ಯಾಗ್ ಬಂದರೆ ಅದು ವ್ಯಾಪಾರ. ಆಟಿಕೆ ಮಾರಲೆಂದೇ ಕಥೆ ಕಟ್ಟಿದರೆ ಅದು ಜಾಹೀರಾತು. ಆದರೆ ಈ ಗೆರೆ ಬಹಳ ದಿನ ನಿಲ್ಲುವುದಿಲ್ಲ. ಒಂದು ಸಲ ಬ್ಯಾಗು ಬಾಟಲಿಯಿಂದ ದುಡ್ಡು ಬರತೊಡಗಿದರೆ, ಮುಂದಿನ ಕಂತಿನ ಕಥೆ ಕಟ್ಟುವಾಗ ಅದರ ನೆನಪು ಬಂದೇ ಬರುತ್ತದೆ. ಹೊಸ ವೇಷ, ಹೊಸ ಗಾಡಿ, ಹೊಸ ಗೆಳೆಯ, ಪ್ರತಿಯೊಂದೂ ಹೊಸ ಸರಕು.

ಕಾರ್ಟೂನ್ ಬಿಟ್ಟು ಮಕ್ಕಳ ರಿಯಾಲಿಟಿ ಶೋ ಕಡೆ ಬನ್ನಿ. ಹಾಡು, ಕುಣಿತ, ನಾಟಕ, ಯಾವುದಾದರೂ ಸರಿ. ಜಡ್ಜ್‌ಗಳ ಮುಂದಿನ ಮೇಜಿನ ಮೇಲೆ ಕಪ್ಪು, ಅದರ ಮೇಲೆ ಹೆಸರು. ಸ್ಟೇಜಿನ ಹಿಂದೆ ಹೆಸರು. ಗೆದ್ದ ಮಗುವಿಗೆ ಬಹುಮಾನ ಕೊಡುವಾಗ ಕಂಪನಿಯ ಹೆಸರು ಎರಡು ಮೂರು ಸಲ. ಟಿವಿಯವರ ಭಾಷೆಯಲ್ಲಿ ಇದು 'ಇಂಟಿಗ್ರೇಷನ್'. ಪರದೆಯ ಕೆಳಗೆ ಪಟ್ಟಿಯಾಗಿ ಬರುವುದು 'ಆಸ್ಟನ್ ಬ್ಯಾಂಡ್'. ಚಿತ್ರವನ್ನು ಒಂದು ಮೂಲೆಗೆ ಒತ್ತಿ, ಪಕ್ಕಕ್ಕೂ ಕೆಳಕ್ಕೂ ಜಾಹೀರಾತು ಬಂದರೆ 'ಎಲ್ ಬ್ಯಾಂಡ್'. ಗಂಗಾವತಿಯ ಮನೆಯೊಂದರಲ್ಲಿ ಕೂತು ನೋಡುವ ಅಜ್ಜಿಗೆ ಇದು ಅಡ್ಡ ಬಂದ ಪಟ್ಟಿ. ಮೊಮ್ಮಗಳಿಗೆ ಅದೂ ಕಾರ್ಯಕ್ರಮದ ಭಾಗ.

ಕಾನೂನು ಎಲ್ಲಿ ನಿಲ್ಲುತ್ತದೆ

ಕೇಬಲ್ ಟೆಲಿವಿಷನ್ ನೆಟ್‌ವರ್ಕ್ ನಿಯಮಗಳು ಬಂದದ್ದು 1994ರಲ್ಲಿ. ಅದರ 7ನೇ ನಿಯಮ ಜಾಹೀರಾತು ಸಂಹಿತೆ. ಜಾಹೀರಾತು ಕಾರ್ಯಕ್ರಮದಿಂದ ಬೇರೆಯಾಗಿ ಸ್ಪಷ್ಟವಾಗಿ ಗೊತ್ತಾಗಬೇಕು, ಪರದೆಯ ಕೆಳಭಾಗದಲ್ಲಿ ಪಟ್ಟಿ ಓಡಿಸಿ ಕಾರ್ಯಕ್ರಮಕ್ಕೆ ಅಡ್ಡಿ ಮಾಡಬಾರದು ಅಂತ ಅದರಲ್ಲೇ ಇದೆ. ಹೌದು, ಆ ಪಟ್ಟಿಯ ಮಾತೇ. ಈಗ ನಿಮ್ಮ ಟಿವಿ ಹಾಕಿ ನೋಡಿ. ಜಾಹೀರಾತು ಗಂಟೆಗೆ 12 ನಿಮಿಷ ಮೀರಬಾರದು ಅನ್ನುವುದೂ ಅದೇ ಸಂಹಿತೆಯಲ್ಲಿದೆ. ಅದರಲ್ಲಿ 10 ನಿಮಿಷ ಕಂಪನಿಗಳದ್ದು, 2 ನಿಮಿಷ ಚಾನೆಲ್‌ನ ಸ್ವಂತ ಪ್ರಚಾರ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಬಂತು. ಅದು 2022ರ ಜೂನ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಮಕ್ಕಳಿಗಾಗಿಯೇ ಒಂದು ಭಾಗವಿದೆ. ಚಿಪ್ಸ್, ಸೋಡಾ ಪಾನೀಯದಂಥ ಜಂಕ್ ಫುಡ್ ಜಾಹೀರಾತನ್ನು ಮಕ್ಕಳ ಕಾರ್ಯಕ್ರಮದ ವೇಳೆಯಲ್ಲಾಗಲಿ ಮಕ್ಕಳ ಚಾನೆಲ್‌ನಲ್ಲಾಗಲಿ ಹಾಕುವಂತಿಲ್ಲ. ಉಡುಗೊರೆಯ ಆಸೆ ತೋರಿಸಿ ಬೇಡದ್ದನ್ನು ಕೊಳ್ಳುವಂತೆ ಮಾಡಬಾರದು. ದಾರಿ ತಪ್ಪಿಸುವ ಜಾಹೀರಾತಿಗೆ ಕಾಯ್ದೆಯಲ್ಲಿ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಇದೆ. ಶಾಲೆಗಳಿಗೂ ಒಂದು ನಿಯಮವಿದೆ. ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ, ಜಾಹೀರಾತೂ ಹಾಕುವಂತಿಲ್ಲ ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ಹೇಳಿದೆ.

ಇವೆಲ್ಲ ಬೇಕಾದ ನಿಯಮಗಳೇ. ಆದರೆ ಗಮನಿಸಿ, ಎಲ್ಲವೂ "ಜಾಹೀರಾತು" ಅಂತ ಒಂದು ಬೇರೆ ವಸ್ತು ಇದೆ ಅನ್ನುವ ಲೆಕ್ಕದಿಂದ ಹೊರಡುತ್ತವೆ. ಜಾಹೀರಾತು ಕಾರ್ಯಕ್ರಮದಿಂದ ಬೇರೆ ಕಾಣಬೇಕು, ಸರಿ. ಕಾರ್ಯಕ್ರಮವೇ ಜಾಹೀರಾತಾಗಿದ್ದರೆ ಯಾವುದನ್ನು ಯಾವುದರಿಂದ ಬೇರೆ ಮಾಡುವುದು? ಚಿಪ್ಸ್ ಜಾಹೀರಾತು ಚಾನೆಲ್‌ನಲ್ಲಿ ಬರುವಂತಿಲ್ಲ. ಕಾರ್ಟೂನಿನ ಪಾತ್ರ ತಿನಿಸಿನ ಪ್ಯಾಕೆಟ್ಟಿನ ಮೇಲೆ ಕೂತು ಕಿರಾಣಿ ಅಂಗಡಿಯ ಬಾಗಿಲಲ್ಲಿ ನೇತಾಡಿದರೆ? ಅದರ ಪ್ರಚಾರವನ್ನು ಕಾರ್ಟೂನ್ ಆಗಲೇ ಮಾಡಿ ಮುಗಿಸಿರುತ್ತದೆ.

ಬೇರೆ ಕಡೆ ಇನ್ನೂ ಬಿಗಿ ಇದೆ. ಕೆನಡಾದ ಕ್ವಿಬೆಕ್‌ನಲ್ಲಿ 1980ರಿಂದ 13 ವರ್ಷದೊಳಗಿನ ಮಕ್ಕಳನ್ನು ಗುರಿ ಮಾಡಿದ ವ್ಯಾಪಾರದ ಜಾಹೀರಾತಿಗೆ ನಿಷೇಧ. ಸ್ವೀಡನ್‌ನಲ್ಲಿ 1991ರಿಂದ ಟಿವಿಯಲ್ಲಿ 12 ವರ್ಷದೊಳಗಿನವರಿಗೆ. ಬ್ರಿಟನ್ 2011ರಲ್ಲಿ ಕಾರ್ಯಕ್ರಮದೊಳಗೆ ವಸ್ತು ಇಡಲು ಒಪ್ಪಿಗೆ ಕೊಟ್ಟಿತು. ಪರದೆಯ ಮೂಲೆಯಲ್ಲಿ 'ಪಿ' ಗುರುತು ಹಾಕಬೇಕು ಅಂದಿತು. ಮಕ್ಕಳ ಕಾರ್ಯಕ್ರಮಕ್ಕೆ ಮಾತ್ರ ಒಪ್ಪಿಗೆಯೇ ಇಲ್ಲ. ಗುರುತು ಹಾಕಿದರೂ ಮಗುವಿಗೆ ಅದು ಅರ್ಥವಾಗುವುದಿಲ್ಲ. ಹಾಗಿರುವಾಗ ಪೂರ್ತಿ ಬೇಡ ಅನ್ನುವುದೇ ಸರಿಯಾದ ದಾರಿ ಅಂತ ನನಗೂ ಅನ್ನಿಸುತ್ತದೆ.

ಈ ಮಾತು ಫೋನಿಗೆ ಇನ್ನೂ ಜಾಸ್ತಿ ಒಪ್ಪುತ್ತದೆ. ಸಿಂಧನೂರಿನಲ್ಲಾಗಲಿ ಕಂಪ್ಲಿಯಲ್ಲಾಗಲಿ ಮಕ್ಕಳು ಊಟ ಮಾಡುವಾಗ ಈಗ ಮುಂದಿರುವುದು ಟಿವಿಗಿಂತ ಯೂಟ್ಯೂಬ್. ಅಲ್ಲಿ ಇನ್ನೊಂದು ಮಗು ಡಬ್ಬಿ ಬಿಚ್ಚಿ ಆಟಿಕೆ ತೆಗೆಯುತ್ತದೆ, ಕುಣಿಯುತ್ತದೆ, ಅಷ್ಟೇ. ಅಮೆರಿಕದ ರಯಾನ್ ಟಾಯ್ಸ್‌ರಿವ್ಯೂ ಚಾನೆಲ್ ಹೀಗೇ ಬೆಳೆದದ್ದು. ಯಾವುದು ಆಟ, ಯಾವುದು ಜಾಹೀರಾತು ಅಂತ ಚಿಕ್ಕ ಮಕ್ಕಳಿಗೆ ಗೊತ್ತಾಗುವುದೇ ಇಲ್ಲ ಅಂತ 2019ರಲ್ಲಿ ಅದರ ಮೇಲೆ ಅಲ್ಲಿನ ವ್ಯಾಪಾರ ಆಯೋಗಕ್ಕೆ ದೂರು ಹೋಯಿತು. ಅದೇ ವರ್ಷ ಆ ಚಾನೆಲ್‌ನ ಹುಡುಗ ರಯಾನ್‌ನ ಕಾರ್ಯಕ್ರಮ ನಿಕಲೋಡಿಯನ್ ಟಿವಿಗೂ ಬಂತು. ದುಡ್ಡು ಪಡೆದು ಮಾಡಿದ ವಿಡಿಯೋಗೆ ಹಾಗಂತ ಗುರುತು ಹಾಕಬೇಕು ಅಂತ ನಮ್ಮಲ್ಲೂ ನಿಯಮವಿದೆ. ಆದರೆ ಮೂಲೆಯಲ್ಲಿ ಕೆಲವು ಸೆಕೆಂಡು ಬಂದುಹೋಗುವ ಇಂಗ್ಲಿಷ್ ಸಾಲನ್ನು, ಇನ್ನೂ ಅ ಆ ಇ ಈ ಕಲಿಯುತ್ತಿರುವ ಮಗು ಓದುವುದು ಹೇಗೆ?

ಮನೆಯಲ್ಲಿ ಮಾಡಬಹುದಾದದ್ದು ದೊಡ್ಡದೇನಲ್ಲ. ಏಳೆಂಟು ವರ್ಷದ ಮಗುವಿನ ಪಕ್ಕ ಕೂತು ಒಂದು ಕಂತು ನೋಡಿ, ಅದರಲ್ಲಿ ಬಂದ ಯಾವ ಯಾವ ವಸ್ತು ಅಂಗಡಿಯಲ್ಲಿ ಸಿಗುತ್ತದೆ ಅಂತ ಇಬ್ಬರೂ ಸೇರಿ ಹುಡುಕಿ. ಮಕ್ಕಳು ಇದನ್ನು ಆಟದ ಥರ ಆಡುತ್ತಾರೆ, ನಮಗಿಂತ ಬೇಗ ಹಿಡಿಯುತ್ತಾರೆ. ಐದು ವರ್ಷದ ಮಗುವಿಗೆ ಇದನ್ನು ಹೇಳಿ ಪ್ರಯೋಜನ ಕಡಿಮೆ. ಅಲ್ಲಿ ಯಾವ ಕಾರ್ಯಕ್ರಮ ಹಾಕಬೇಕು ಅಂತ ದೊಡ್ಡವರೇ ತೀರ್ಮಾನಿಸಬೇಕು. ಹಾಗೆ ಆರಿಸುವಾಗ ಆಟಿಕೆ ಮೊದಲೋ ಕಥೆ ಮೊದಲೋ ಅಂತ ಒಮ್ಮೆ ಹುಡುಕಿ ನೋಡಿದರೂ ಸಾಕು.

ಮಕ್ಕಳ ಕಾರ್ಯಕ್ರಮದ ನಡುವೆ ಚಿಪ್ಸ್, ತಂಪು ಪಾನೀಯದ ಜಾಹೀರಾತು ಕಂಡರೆ ಸುಮ್ಮನೆ ಬಿಡಬೇಡಿ. ಚಾನೆಲ್ ಹೆಸರು, ದಿನ, ಗಂಟೆ ಬರೆದಿಟ್ಟುಕೊಳ್ಳಿ, ಸಾಧ್ಯವಾದರೆ ಪರದೆಯ ಫೋಟೋ ತೆಗೆಯಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಹೇಳಬಹುದು. ಕೇಬಲ್ ಕಾಯ್ದೆಯಲ್ಲಿ ಜಿಲ್ಲಾಧಿಕಾರಿ ಮತ್ತು ಉಪವಿಭಾಗದ ಮ್ಯಾಜಿಸ್ಟ್ರೇಟರನ್ನು ಅಧಿಕೃತ ಅಧಿಕಾರಿಗಳು ಅಂತ ಹೆಸರಿಸಿದ್ದಾರೆ. ಹಾಗಾಗಿ ಬಳ್ಳಾರಿ, ರಾಯಚೂರು, ಕೊಪ್ಪಳದ ಡಿಸಿ ಆಫೀಸಿಗೂ ಒಂದು ಅರ್ಜಿ ಕೊಡಬಹುದು.